ಮುಚ್ಚಿದ ಸ್ಟೇಷನ್ನಿನಲ್ಲಿ ಅಜ್ಜನ ಎಡೆ

ನಾನು ಚಿಕ್ಕವನಿದ್ದಾಗಲೇ ಚಿಂತೆ ಮಾಡುವುದರಲ್ಲಿ ದೊಡ್ಡವನಾಗಿದ್ದೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ದೆಹಲಿಯ ಬಸ್ಸುಗಳಲ್ಲಿ 'ಸೀಟಿನ ಕೆಳಗೆ ನೋಡಿ, ಬಾಂಬ್ ಇರಬಹುದು' ಎಂದು ಬರೆದಿರುತ್ತಿದ್ದರು. ನಾನು ಮನೆಯ ಮಂಚದ ಕೆಳಗೂ ನೋಡುತ್ತಿದ್ದೆ.

ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿಗೆ ಹತ್ತಿರದಲ್ಲೇ ಒಂದು ಪುಟ್ಟ ರೈಲು ಸ್ಟೇಷನ್ ಇತ್ತು. ಒಂದು ಕಾಲಕ್ಕೆ ಲೋಕಲ್ ಗಾಡಿಗಳು ಬೆಳಿಗ್ಗೆ ಗುಮಾಸ್ತರನ್ನು ತುಂಬಿಕೊಂಡು ಹೋಗಿ, ಸಂಜೆ ತಂದು ಇಳಿಸುತ್ತಿದ್ದವು. ಊರಿಂದ ಬಂದಾಗಲೆಲ್ಲ ಅಜ್ಜ ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂತು ಅಪ್ಪನ ದಾರಿ ನೋಡುತ್ತಿದ್ದರಂತೆ. ಆಮೇಲೆ ಜನ ಬಸ್ಸು ಹತ್ತಿದರು, ಗಾಡಿಗಳು ಕಡಿಮೆಯಾದವು, ಕೊನೆಗೆ ಟಿಕೆಟ್ ಕಿಟಕಿಗೆ ಹಲಗೆ ಬಡಿದರು. ಅಜ್ಜನೂ ತೀರಿಕೊಂಡರು.

ಅಜ್ಜನ ತಿಥಿಯ ದಿನ ಕಾಗೆಗೆ ಎಡೆ ಇಡಲು ಅಪ್ಪ ಅಲ್ಲಿಗೇ ಹೊರಟರು. "ದೆಹಲೀಲಿ ಅವರಿಗೆ ಗೊತ್ತಿದ್ದ ಜಾಗ ಅದೊಂದೇ" ಎಂದರು. ಕಾಗೆ ಮುಟ್ಟುವವರೆಗೆ ನಾವ್ಯಾರೂ ಉಣ್ಣುವಂತಿರಲಿಲ್ಲ. ಬೆಂಚಿನ ಮೇಲೆ ಎಲೆ ಹಾಸಿ, ಅನ್ನ, ಪಾಯಸ, ವಡೆ ಬಡಿಸಿ, ಸ್ಟೀಲ್ ಡಬ್ಬವನ್ನು ಪಕ್ಕದಲ್ಲಿಟ್ಟರು. ಮನುಷ್ಯರಿದ್ದರೆ ಕಾಗೆ ಬಾರದು. ಹಾಗಾಗಿ ಅಪ್ಪ, ಅಕ್ಕ, ನಾನು ಕಂಬದ ಹಿಂದೆ ಅಡಗಿ ಇಣುಕುತ್ತ ನಿಂತೆವು. ತುಕ್ಕು ಹಿಡಿದ ಹಳಿಯ ವಾಸನೆಯ ನಡುವೆ ಏಲಕ್ಕಿಯ ಘಮ.

ಬಂದದ್ದು ಕಾಗೆಯಲ್ಲ, ಚೌಕೀದಾರ. ಲಾಠಿಯಿಂದ ಡಬ್ಬ ತೋರಿಸಿ, "ಯೇ ಕಿಸ್ಕಾ ಹೈ?" ಯಾರದಿದು ಎಂದು ಗದರಿದ.

"ಹಮಾರೇ ಪಿತಾಜೀ ಕಾ ಖಾನಾ," ನಮ್ಮ ತಂದೆಯವರ ಊಟ ಎನ್ನುತ್ತ ಅಪ್ಪ ಹೊರಬಂದರು.

"ಪಿತಾಜೀ ಕಹಾಂ ಹೈಂ?" ಎಲ್ಲಿದ್ದಾರೆ ಅವರು ಎಂದ.

ಅಪ್ಪ ಆಕಾಶ ತೋರಿಸಿದರು.

ಚೌಕೀದಾರ ಎರಡು ಹೆಜ್ಜೆ ಹಿಂದೆ ಸರಿದ. ಅಪ್ಪ ಶ್ರಾದ್ಧ ಎಂದಾಗಲಂತೂ ಅವನ ಅನುಮಾನ ಇನ್ನೂ ಹೆಚ್ಚಿತು. ಅವನ ಕಡೆ ಕಾಗೆಗೆ ಇಡುವುದು ಪಿತೃಪಕ್ಷದಲ್ಲಿ. ಅದು ಮುಗಿದು ತಿಂಗಳುಗಳಾಗಿದ್ದವು. "ಹಾಗಿದ್ದರೆ ನೀವೇ ಒಂದು ತುತ್ತು ತಿಂದು ತೋರಿಸಿ ಬಾಬೂಜೀ, ಇಲ್ಲದಿದ್ದರೆ ಪೊಲೀಸರನ್ನು ಕರೆಯುತ್ತೇನೆ" ಎಂದು ಹಿಂದಿಯಲ್ಲಿ ಪಟ್ಟು ಹಿಡಿದ. ಅಪ್ಪ ಆಗುವುದಿಲ್ಲವೆಂದು ತಲೆಯಾಡಿಸಿದರು. ಅಜ್ಜನಿಗಿಂತ ಮೊದಲು ಅವರು ಉಣ್ಣುವುದುಂಟೇ?

"ಅಪ್ಪನ್ನ ಜೈಲಿಗೆ ಹಾಕ್ತಾರೇನೇ?" ಅಕ್ಕನನ್ನು ಕೇಳಿದೆ.

"ಬಾಯ್ಮುಚ್ಚೋ, ಕಾಗೆ ಹೆದರತ್ತೆ."

ಅಷ್ಟರಲ್ಲಿ ಒಂದು ಕಾಗೆ ಬೆಂಚಿಗಿಳಿಯಿತು. ಅದೂ ನನ್ನಂತೆ ಪುಕ್ಕಲು ಜಾತಿಯದೇ. ಕತ್ತು ಓರೆ ಮಾಡಿ ಡಬ್ಬವನ್ನೂ ಲಾಠಿಯನ್ನೂ ಅನುಮಾನದಿಂದ ನೋಡಿತು. ಅಪ್ಪ ಮೆಲ್ಲಗೆ ಹಿಂದೆ ಸರಿಯುತ್ತ ಅವನಿಗೂ ಬಾ ಎಂದು ಕೈಸನ್ನೆ ಮಾಡಿದರು. ಚೌಕೀದಾರ ಸದ್ದಿಲ್ಲದೆ ಬಂದು ನಮ್ಮ ಕಂಬದ ಹಿಂದೆಯೇ ಅಡಗಿದ. ಕಾಗೆ ವಡೆ ಕಚ್ಚಿಕೊಂಡು ಹಾರಿತು. ಅಪ್ಪ ಕಣ್ಣೊರೆಸಿಕೊಂಡು ಅವನಿಗೂ ಒಂದು ವಡೆ ಕೊಟ್ಟರು. ಮುರಿದು, ಒಳಗೇನಿದೆ ಎಂದು ನೋಡಿಯೇ ಅವನು ಬಾಯಿಗಿಟ್ಟ.

ಅಕ್ಕನ ಮಕ್ಕಳೇ, ನಿಮ್ಮ ಮೆಟ್ರೋ ಸ್ಟೇಷನ್ನಿನಲ್ಲಿ ಯಂತ್ರವೇ ಎಲ್ಲರ ಡಬ್ಬದೊಳಗೂ ಇಣುಕುತ್ತದೆ. ಯಾರೂ ಏನೂ ಕೇಳುವುದಿಲ್ಲ. ನನ್ನಂಥ ಪುಕ್ಕಲನಿಗೆ ಅದೇ ನೆಮ್ಮದಿ. ಆದರೆ ಅಂದು ಒಬ್ಬ ಕೇಳಿದ್ದರಿಂದಲೇ, ಎಲ್ಲಿಯವನೋ ಏನೋ, ನಮ್ಮ ಅಜ್ಜನ ಊಟಕ್ಕಾಗಿ ನಮ್ಮೊಂದಿಗೆ ಉಸಿರು ಬಿಗಿಹಿಡಿದು ನಿಂತ.