ಅಕ್ಷತೆಯ ಫೋಟೊದಿಂದ ತೆಗೆಸಿದ ಮಲ್ಲಮ್ಮ

ಮಕ್ಕಳೇ, ಕರೋನಾ ಮುಗಿದ ಮರುವರ್ಷ ನಾನು ಕೋಥರೂಡ ಬಡಾವಣೆಯ ಒಂದು ಫೋಟೊ ಸ್ಟುಡಿಯೋದಲ್ಲಿ ಎಡಿಟಿಂಗ್ ಕೆಲಸದಲ್ಲಿದ್ದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಕಲಿತ ಕೆಲಸ ಅದು. ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ಮುಟ್ಟಬಾರದು ಎಂಬುದು ಮಾಲೀಕರ ಕಟ್ಟಪ್ಪಣೆ. ತಿದ್ದುವುದೆಲ್ಲ ಅದರ ಮೇಲಿನ ಲೇಯರ್‌ನಲ್ಲಿ. ಚಿತ್ರದ ಮೇಲೆ ಗಾಜಿಟ್ಟು, ಗಾಜಿಗೆ ಬಣ್ಣ ಹಚ್ಚಿದಂತೆ. ಗಾಜು ತೆಗೆದರೆ ಚಿತ್ರ ಇದ್ದ ಹಾಗೇ ಇರುತ್ತದೆ.

ಧಾರವಾಡ ಕಡೆಯ ಇಂದಿರಾಬಾಯಿಯವರ ಮಗಳ ಮದುವೆಯ ಆಲ್ಬಮ್ ನನ್ನ ಪಾಲಿಗೆ ಬಂತು. ಫೋಟೊ ಆರಿಸಲು ಬಂದವನು ಅವರ ಮೈದುನ ವಸಂತ. ಅಕ್ಷತೆಯ ಫೋಟೊದ ತುದಿಯಲ್ಲಿ ಮನೆಗೆಲಸದ ಮಲ್ಲಮ್ಮ ನಿಂತಿದ್ದಳು. ಬೀಗರ ಮುಂದೆ ಚಂದ ಕಾಣುವುದಿಲ್ಲ, ತೆಗೆಯಿರಿ ಎಂದ. ತೆಗೆದೆ.

"ಮೂಲಾನೂ ಅಳಿಸಿಬಿಡ್ರಿ" ಎಂದ ಆಮೇಲೆ.

ಅದು ಯಾಕೋ ಸರಿಯೆನಿಸಲಿಲ್ಲ. ಗಂಡಸರೊಡನೆ ವಾದಿಸಲು ನಾಚಿಕೆಯಾಗಿ ಯಾಕೆಂದು ಕೇಳಲಿಲ್ಲ. ಅಳಿಸಲೂ ಇಲ್ಲ.

ಕೆಲವು ದಿನಗಳ ಮೇಲೆ ಮಲ್ಲಮ್ಮ ಅಳುತ್ತ ಸ್ಟುಡಿಯೋಗೆ ಬಂದಳು. ಮದುವೆಯ ದಿನ, ಮಂಟಪಕ್ಕೆ ಹೋದಾಗ, ಇಂದಿರಾಬಾಯಿಯವರ ಮನೆಯಿಂದ ಬಂಗಾರದ ಪಾಟ್ಲಿ ಬಳೆಗಳು ಕಳುವಾಗಿದ್ದವು. ಬೀಗ ಒಡೆದಿರಲಿಲ್ಲ. ಅಕ್ಷತೆಯ ಹೊತ್ತಿಗೆ ಬಾಗಿಲು ತೆರೆದಿತ್ತೆಂದು ಪಕ್ಕದ ಫ್ಲ್ಯಾಟಿನವರು ಹೇಳಿದ್ದರು. ಮನೆಯವರನ್ನು ಬಿಟ್ಟರೆ ಕೀಲಿ ಇದ್ದದ್ದು ಇವಳ ಹತ್ತಿರ ಮಾತ್ರ. ಇವಳನ್ನು ಪೊಲೀಸರಿಗೆ ಕೊಡುತ್ತಾರಂತೆ.

"ನಾ ಅಲ್ಲೇ ನಿಂತು ಅಕ್ಕಿಕಾಳ ಹಾಕೀನ್ರಿ ಅಕ್ಕಾರ. ಆಲ್ಬಮ್‌ದಾಗ ಮಾತ್ರ ನಾ ಇಲ್ಲ."

ಮಾಲೀಕರು ಫೋನ್ ಮಾಡಿ ಇಂದಿರಾಬಾಯಿಯವರನ್ನು ಕರೆಸಿದರು. ವಸಂತನೂ ಜೊತೆಗೆ ಬಂದ. ನಾನು ಮೇಲಿನ ಲೇಯರ್ ತೆಗೆದೆ. ಗಾಳಿಯಲ್ಲಿ ಅಕ್ಷತೆಯ ಕಾಳು, ತುದಿಯಲ್ಲಿ ಕೈಯೆತ್ತಿದ ಮಲ್ಲಮ್ಮ.

"ತಗಿಯಾಕ ಬರೋರಿಗೆ ಹಾಕಾಕ ಬರೂದಿಲ್ಲೇನ್ರಿ ವೈನಿ? ಈಗ ಕೂಡಿಸ್ಯಾರ" ಎಂದು ವಸಂತ ಅತ್ತಿಗೆಯತ್ತ ನೋಡಿ ನಕ್ಕ.

ಇಂದಿರಾಬಾಯಿ ನನ್ನನ್ನೂ ಅನುಮಾನದಿಂದಲೇ ನೋಡಿದರು. ಮಾಲೀಕರು ಕಪಾಟಿನಲ್ಲಿಟ್ಟಿದ್ದ ಕ್ಯಾಮೆರಾದ ಕಾರ್ಡ್ ತಂದು ಅವರ ಎದುರಿಗೇ ಕಂಪ್ಯೂಟರಿಗೆ ಹಾಕಿದರು. ಅದರಲ್ಲೂ ಮಲ್ಲಮ್ಮ ಇದ್ದಳು.

"ಆಕಿನ್ನ ತಗೀರಿ ಅಂದೋರು ಯಾರ್ರಿ?" ಇಂದಿರಾಬಾಯಿ ಕೇಳಿದರು.

ನಾನು ವಸಂತನ ಕಡೆ ಕೈ ತೋರಿಸಿದೆ. "ಇವರೇರಿ. ಮೂಲಾನೂ ಅಳಸ್ರಿ ಅಂದಿದ್ರು."

ಇಂದಿರಾಬಾಯಿ ಫೋಟೊ ದೊಡ್ಡದು ಮಾಡಿಸಿ ತಮ್ಮವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಂದರು. ಹಿಂದಿನ, ಮುಂದಿನ ಫೋಟೊಗಳನ್ನೂ ತೆರೆಸಿ ನೋಡಿದರು.

"ಮನಿಮಂದಿ ಎಲ್ಲಾ ಇದ್ದಾರ. ವಸಂತ, ನೀ ಎಲ್ಲಿದ್ದಿ?"

ಮಲ್ಲಮ್ಮನನ್ನು ಪೊಲೀಸರಿಗೆ ಕೊಡುವ ಮಾತು ಅಲ್ಲಿಗೆ ನಿಂತಿತು. ಪಾಟ್ಲಿ ಸಿಕ್ಕವೋ ಇಲ್ಲವೋ ನನಗೆ ತಿಳಿಯಲಿಲ್ಲ. ಮಲ್ಲಮ್ಮ ಆ ಮನೆಯ ಕೀಲಿಯನ್ನು ಇಂದಿರಾಬಾಯಿಯವರ ಮುಂದೆ ಟೇಬಲ್ ಮೇಲಿಟ್ಟು ಹೋದಳು.

ಚಂದ ಕಾಣಲಿ ಎಂದು ಯಾರಾದರೂ ತಿದ್ದಿಸಿದರೆ ತಿದ್ದಿ ಕೊಡಿ, ಮಕ್ಕಳೇ. ಮೂಲವನ್ನೂ ಅಳಿಸು ಎಂದರೆ ಮಾತ್ರ, ನಾಚಿಕೆ ಬಿಟ್ಟು ಯಾಕೆಂದು ಕೇಳಿ.