ಬಿದ್ದ ವಿಮಾನ ಕೇಳಿ ತರುವ ವಿದ್ಯೆ

ನಮ್ಮ ಮೇಷ್ಟ್ರ ಬಲಗೈ ತೋರುಬೆರಳು ಕೊನೆಯ ಗಿಣ್ಣಿನ ಹತ್ತಿರ ಎಡಕ್ಕೆ ಸೊಟ್ಟಗಿತ್ತು. ಯಾವುದೋ ಕಾಲದಲ್ಲಿ ಪುಟ್ಟ ವಿಮಾನದ ಪಂಖ ಬಡಿದು ಹಾಗಾದದ್ದು. "ಅಗೋ, ಅಲ್ಲೈತೆ ನೋಡ್ಲಾ" ಎಂದು ಅವರು ಆಕಾಶ ತೋರಿಸಿದರೆ ನಾನು ಬೆರಳ ತುದಿ ಹೇಳಿದ ಕಡೆ ನೋಡುತ್ತಿದ್ದೆ. ವಿಮಾನ ಇನ್ನೆಲ್ಲೋ ಇರುತ್ತಿತ್ತು. ಬೈಗುಳ ಮಾತ್ರ ನೆಟ್ಟಗೆ ನನಗೇ ಬರುತ್ತಿತ್ತು.

ಎಂಬತ್ತರ ದಶಕದ ಶುರು. ನಾನು ತಮಿಳುನಾಡಿನ ಗಡಿಯ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸಕ್ಕಿದ್ದೆ. ಮೇಷ್ಟ್ರು ಬೆಂಗಳೂರಿನಲ್ಲಿ ವಿಮಾನ ಫಿಟ್ಟರ್ ಆಗಿದ್ದವರು, ನಿವೃತ್ತರಾಗಿ ಬಾಗಲೂರಿನ ಹತ್ತಿರದ ತಮ್ಮ ಊರಿಗೆ ಬಂದು ರಾಗಿ, ಅವರೆ ಬೆಳೆಯುತ್ತಿದ್ದರು. ಭಾನುವಾರ ಮಾತ್ರ ಒಣಗಿದ ಕೆರೆಯಂಗಳದಲ್ಲಿ ನಿಂತು, ಕೈಯಲ್ಲೊಂದು ರೇಡಿಯೋ ಪೆಟ್ಟಿಗೆ ಹಿಡಿದು, ತಾವೇ ಕಟ್ಟಿದ ಹಳದಿ ರೆಕ್ಕೆಯ ವಿಮಾನ ಹಾರಿಸುವರು. ಅದರ ಎಂಜಿನ್ನನ್ನು ಗೆಳೆಯರೊಬ್ಬರು ಪರದೇಶದಿಂದ ತಂದುಕೊಟ್ಟಿದ್ದರು, ಹೋದರೆ ಇನ್ನೊಂದಿಲ್ಲ. ಒಂದು ದಿನ ಬಸ್ಸಿನಿಂದ ಅದನ್ನು ಕಂಡವನೇ ಇಳಿದು ಓಡಿಹೋಗಿ, ನನಗೂ ಕಲಿಸಿ ಎಂದೆ. ಮೇಷ್ಟ್ರೇ ಎಂದು ಕರೆದದ್ದು ನಾನೇ. ಅವರಿಗೆ ಅದು ಹಿತವಾಗಿತ್ತು.

ಮೂರು ತಿಂಗಳು ಪೆಟ್ಟಿಗೆ ಮುಟ್ಟಗೊಡಲಿಲ್ಲ ಪುಣ್ಯಾತ್ಮ! ಅವರು ಹಾರಿಸುವುದು, ಎಂಜಿನ್ನು ಕೆಟ್ಟು ಅದು ಯಾರದೋ ಹೊಲಕ್ಕೆ ಬೀಳುವುದು, ನಾನು ಹೋಗಿ ತರುವುದು. ಇದೇ ಪಾಠ.

"ಹಾರ್ಸೋದು ಯಾವಾಗ ಮೇಷ್ಟ್ರೇ?"

"ಬಿದ್ ಮ್ಯಾಕೆ ಕೇಳ್ಕಂಡ್ ತರೋದ್ ಮೊದ್ಲು ಕಲೀಲಾ. ಹಾರ್ಸೋದು ಎಲ್ಲೋಗ್ತದೆ?"

ನನಗೋ ತಪ್ಪಾಯ್ತು ಎಂಬ ಮಾತು ಗಂಟಲಿನಿಂದ ಹೊರಟು ಹಲ್ಲಿಗೇ ನಿಲ್ಲುತ್ತಿತ್ತು. ಮೊದಲ ಸಲ ಬದನೆ ಹೊಲಕ್ಕೆ ಹೋಗಿ, ಸಾಲ ಕೊಟ್ಟವನ ಹಾಗೆ "ನಮ್ ಏರೋಪ್ಲೇನ್ ಕೊಡಿ" ಎಂದೆ. ಹೊಲದ ಮುದುಕಿ ವಿಮಾನದ ಮೇಲೆ ಕೋಳಿ ಮಂಕರಿ ಕವುಚಿ, ಮಂಕರಿಯ ಮೇಲೆ ತಾನು ಕೂತು, ಎಲೆ ಅಡಿಕೆ ಹಾಕಿಕೊಂಡಳು. ಕೊನೆಗೆ ಮೇಷ್ಟ್ರೇ ಬಂದು ಬಿಡಿಸಿಕೊಂಡರು. ಅವರ ಕ್ರಮವೇ ಬೇರೆ. ಬದುವಿನಲ್ಲಿ ಚಪ್ಪಲಿ ಬಿಡಬೇಕು. ಬೆಳೆ ಹೇಗಿದೆ ಎಂದು ಕೇಳಬೇಕು. ವಿಮಾನದ ಕಡೆ ಕಣ್ಣೆತ್ತಿಯೂ ನೋಡಬಾರದು. ಹೊಲದವರ ಮನೆಮಾತಿನಲ್ಲೇ ತಪ್ಪೊಪ್ಪಬೇಕು. ತೆಲುಗಿನವರಿಗೆ ತೆಲುಗು, ತಮಿಳಿನವರಿಗೆ ತಮಿಳು. "ಮೂರ್ ಭಾಷೇನಾಗೂ ತಪ್ಪು ತಪ್ಪೇ ಕಣ್ಲಾ, ಸಲೀಸು" ಎನ್ನುವರು.

ಕೆರೆಯ ಮೂಡಲಿಗೆ ಒಂದು ಹುಣಿಸೆಮರವಿತ್ತು. ಅದರಾಚೆ ಮಾತ್ರ ಹಾರಿಸಕೂಡದೆಂದು ಅಪ್ಪಣೆ. ಅಲ್ಲಿ ಅವರ ಅಣ್ಣನ ಹೊಲ, ಮನೆ. ಆಸ್ತಿ ಪಾಲಾದಾಗ ಬಾವಿ ನೀರಿನ ಸರದಿಗೆ ಜಗಳವಾಗಿ, ಊರವರ ಮುಂದೆ ಮೇಷ್ಟ್ರು ಅಣ್ಣನನ್ನು ಕಳ್ಳ ಎಂದಿದ್ದರಂತೆ. ಹನ್ನೊಂದು ವರ್ಷ ಅಣ್ಣತಮ್ಮಂದಿರಿಗೆ ಮಾತಿಲ್ಲ.

ಕೊನೆಗೂ ಪೆಟ್ಟಿಗೆ ನನ್ನ ಕೈಗೆ ಬಂತು. ವಿಮಾನ ನಮ್ಮಿಂದ ದೂರ ಹೋಗುವಾಗ ಪೆಟ್ಟಿಗೆಯ ಮೇಲಿನ ಕಡ್ಡಿಯನ್ನು ಎಡಕ್ಕೆ ತಳ್ಳಿದರೆ ಎಡಕ್ಕೇ ಹೋಗುತ್ತದೆ. ನಮ್ಮ ಕಡೆ ಬರುವಾಗ ಎಲ್ಲ ತಿರುಗುಮುರುಗು. ನಾನು ಗಾಬರಿಯಲ್ಲಿ ತಿರುಗಿಸಿದ ರಭಸಕ್ಕೆ ಅದು ಹುಣಿಸೆಮರ ದಾಟಿ, ನೆಟ್ಟಗೆ ಅಣ್ಣನ ಅವರೆ ಹೊಲಕ್ಕೆ ಮುಖ ಕೊಟ್ಟು ಬಿತ್ತು. ಮೇಷ್ಟ್ರ ಮುಖ ಬಿಳುಚಿಕೊಂಡಿತು. "ಹೋಗ್ಲಾ, ನೀನೇ ಹೋಗು" ಎಂದರು.

ಹೋದೆ. ಚಪ್ಪಲಿ ಬಿಟ್ಟೆ, ಬೆಳೆ ವಿಚಾರಿಸಿದೆ, ತಪ್ಪಾಯ್ತು ಎಂದೆ. ಅಣ್ಣ ಎಲ್ಲವನ್ನೂ ಸಮಾಧಾನವಾಗಿ ಕೇಳಿದರು.

"ಬೀಳ್ಸಿದ್ದು ನೀನೇ ಇರ್ಬೌದು ಕಣಪ್ಪ. ಏರೋಪ್ಲೇನು ಯಾರ್ದು? ಅವ್ರೇ ಬರ್ಲಿ."

ಮೇಷ್ಟ್ರಿಗೆ ಹೇಳಿದೆ. "ಹಾಳಾಗೋಗ್ಲಿ ಬುಡು, ಇನ್ನೊಂದ್ ಕಟ್ಟಾನ" ಎಂದರು. ಎಂಜಿನ್ನು ಎಲ್ಲಿಂದ ಬರುತ್ತದೆ ಎಂದದ್ದಕ್ಕೆ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೊರಟರು. ಮುಂದಿನ ಭಾನುವಾರ ಹೋದರೆ ಖಾಲಿ ಕೆರೆಯಂಗಳದಲ್ಲಿ ಪೆಟ್ಟಿಗೆ ಹಿಡಿದು ಸುಮ್ಮನೆ ಕೂತಿದ್ದಾರೆ! ನನಗೆ ರೇಗಿಹೋಯಿತು.

"ಮೂರ್ ತಿಂಗ್ಳು ಕಂಡೋರ್ ಹೊಲ್ದಾಗೆಲ್ಲ ನನ್ ಕೈಲಿ ತಪ್ಪಾಯ್ತು ಅನ್ನಿಸಿದ್ರಲ್ಲ, ಈಗ ನಿಮ್ ಬಾಯ್ಗೇನ್ ಬೀಗ ಬಿದ್ದೈತಾ?"

ಹೊಡೆಯುತ್ತಾರೆ ಎಂದುಕೊಂಡೆ. ಎದ್ದು ಪಂಚೆ ಕೊಡವಿ ಹುಣಿಸೆಮರದ ಕಡೆ ನಡೆದೇಬಿಟ್ಟರು. ನಾನೂ ಹಿಂದೆ ಓಡಿದೆ.

ಅಣ್ಣ ಜಗಲಿಯ ಮೇಲಿದ್ದರು. ಮೇಷ್ಟ್ರು ಚಪ್ಪಲಿ ಬಿಟ್ಟರು, ಕೈ ಕಟ್ಟಿದರು, ನೆಲ ನೋಡಿಕೊಂಡು "ತಪ್ಪಾಪೋಚ್ಚುಂಗ, ಅಯ್ಯಾ" ಎಂದರು. ತಮಿಳಿನಲ್ಲಿ! ಸ್ವಂತ ಅಣ್ಣನ ಹತ್ತಿರ!

ಅಣ್ಣ ಕಣ್ಣಗಲಿಸಿದರು. "ಯಾವೂರಪ್ಪ ನಿಮ್ದು? ಸೇಲಂ ಕಡೆಯೋರಾ?"

ನಾನು ನಗು ತಡೆಯಲಾರದೆ ಕೆಮ್ಮಿದೆ.

"ಅವ್ವ ಕಲ್ಸಿದ್ ಮಾತ್ನಾಗೆ ಹೇಳ್ಲಾ" ಎಂದರು ಅಣ್ಣ, ಈ ಸಲ ಮೆತ್ತಗೆ.

ಆಮೇಲೆ ಮೇಷ್ಟ್ರ ಬಾಯಿಂದ ಬಂದದ್ದು ವಿಮಾನದ ಮಾತೇ ಅಲ್ಲ. "ತಪ್ಪಾಯ್ತು ಕಣಣ್ಣಾ. ಅವತ್ತು ಬಾವಿ ತಾವ ಅಂಗನ್ಬಾರ್ದಾಗಿತ್ತು ನಾನು." ನನ್ನ ನಗು ಹೋದ ದಿಕ್ಕು ಗೊತ್ತಾಗಲಿಲ್ಲ. ಕಣ್ಣು ಒರೆಸಿಕೊಂಡೆ.

ಅಣ್ಣ ಒಳಗಿಂದ ವಿಮಾನ ತಂದರು. ತಮ್ಮದೇ ಟವಲ್ಲು ಹೊದಿಸಿ ಜೋಪಾನ ಮಾಡಿದ್ದರು. ಮುರಿದ ರೆಕ್ಕೆಯನ್ನು ಮೈದಾ ಅಂಟು ಹಾಕಿ ಕೂಡಿಸಿಯೂ ಇದ್ದರು. ಮೇಷ್ಟ್ರು ಮೂಗೊರೆಸಿಕೊಂಡು ಅದನ್ನು ತಿರುಗಿಸಿ ನೋಡಿ, "ಇದೇನಣ್ಣ, ಸೊಟ್ಟಗ್ ಅಂಟ್ಸಿದ್ದೀಯ?" ಎಂದರು. "ನೀವ್ ಬೀಳಿಸ್ದಂಗೇ ಇರೋದು" ಎಂದರು ಅಣ್ಣ. ಐದೇ ನಿಮಿಷಕ್ಕೆ ಜಗಳ ಶುರು. ಒಳಗಿನಿಂದ ಕಾಫಿ ಬಂದದ್ದನ್ನು ಇಬ್ಬರೂ ನೋಡಲಿಲ್ಲ. ನಾನು ಮೂರೂ ಲೋಟ ಕುಡಿದೆ.

ನಾನು ಕೊನೆಗೂ ಒಳ್ಳೆಯ ಹಾರಾಟಗಾರನಾಗಲಿಲ್ಲ. ಐದಾರು ವರ್ಷಕ್ಕೆ ಮೇಷ್ಟ್ರು ಹೃದಯಾಘಾತದಲ್ಲಿ ತೀರಿಕೊಂಡರು. ಮಣ್ಣು ಮಾಡಿ ಬರುವಾಗ ಅಣ್ಣ ನನ್ನ ಭುಜ ಹಿಡಿದು ನಿಲ್ಲಿಸಿದರು.

"ಏರೋಪ್ಲೇನ್ ಬಿದ್ ವಾರ ಪೂರಾ ನಾನ್ ಹೊಲದ್ ಕಡೀಕೇ ಹೋಗ್ಲಿಲ್ಲ ಕಣಪ್ಪ. ಅವ್ನು ಬಂದಾಗ ಮನೇನಾಗ್ ನಾನಿಲ್ದಿದ್ರೆ, ವಾಪಸ್ ಹೋಗ್ಬುಡ್ತಾನೆ ಅಂತ."

ಅಂದಿನಿಂದ, ಹೆಂಡತಿಯ ಹತ್ತಿರವಾಗಲಿ ಕಾರ್ಖಾನೆಯ ಮೇಸ್ತ್ರಿಯ ಹತ್ತಿರವಾಗಲಿ, ತಪ್ಪಾಯ್ತು ಎನ್ನಬೇಕಾದಾಗ ನಾನು ತಡಮಾಡುವುದಿಲ್ಲ. ಪಾಪ, ಅವರೂ ಕೆಲಸ ಬಿಟ್ಟು ಕಾಯುತ್ತಿರಬಹುದು.