ಅಮ್ಮ ಆರಿಸಿದ ಕಪ್ಪು ಬಿಳುಪು ಟಿ.ವಿ.

ಎದುರುಮನೆಯಲ್ಲಿ ಅಮ್ಮನನ್ನು ಬಾಗಿಲ ಪಕ್ಕ ಕೂರಿಸಲು ಶುರು ಮಾಡಿದ ಮೇಲೆ ನಮ್ಮ ಮನೆಗೂ ಒಂದು ಟಿ.ವಿ. ತರುವ ಮಾತು ಎದ್ದಿತು.

ಎಂಬತ್ತರ ದಶಕದ ನಡುವಿನ ಕಾಲ. ಆರ್.ಟಿ. ನಗರದ ನಮ್ಮ ಅಡ್ಡರಸ್ತೆಯಲ್ಲಿ ಟಿ.ವಿ. ಇದ್ದದ್ದು ಆ ಮನೆಯಲ್ಲಿ ಮಾತ್ರ. ಭಾನುವಾರ ಸಂಜೆ ಸಿನಿಮಾ ಹಾಕಿದರೆ ಅಕ್ಕಪಕ್ಕದವರೆಲ್ಲ ಅವರ ಹಾಲಿನಲ್ಲಿ ಚಾಪೆಯ ಮೇಲೆ ಕೂರುತ್ತಿದ್ದೆವು. ಆ ವರ್ಷ ಅಮ್ಮನ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಆಪರೇಷನ್ ಆಗಿ, ಆಸ್ಪತ್ರೆಯಲ್ಲಿ ಕರೆಂಟು ಕೊಡುತ್ತಿದ್ದರು. ಕ್ಯಾನ್ಸರಿನ ವಿಕಿರಣ ಚಿಕಿತ್ಸೆಗೆ ಅಲ್ಲಿ ಎಲ್ಲರೂ ಹಾಗೆಯೇ ಅನ್ನುತ್ತಿದ್ದರು. ಕತ್ತಿನವರೆಗೆ ಚರ್ಮ ಕಪ್ಪಾಗಿತ್ತು. ಅಮ್ಮ ಸೆರಗು ಹೊದ್ದುಕೊಂಡೇ ಸಿನಿಮಾಕ್ಕೆ ಬರುತ್ತಿದ್ದಳು.

ಮೊದಲು ಅವಳಿಗೆ ಬೇರೆ ಚಾಪೆ ಬಂತು. ಆಮೇಲೆ ಬೇರೆ ಲೋಟ. ಒಂದು ದಿನ ಎದುರುಮನೆಯಾಕೆ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿದರು.

"ತಪ್ಪು ತಿಳ್ಕೋಬೇಡ ಕಣಮ್ಮ. ಮಕ್ಕಳಿರೋ ಮನೆ. ನಿಮ್ಮಮ್ಮನಿಗೆ ಸ್ವಲ್ಪ ದಿನ ಮನೇಲೇ ರೆಸ್ಟ್ ತಗೊಳ್ಳೋಕೆ ಹೇಳು."

ನಾನು ಅಪ್ಪನಿಗೆ ಮಾತ್ರ ಹೇಳಿದೆ. ಆದರೆ ಅಮ್ಮ ಮುಂದಿನ ಭಾನುವಾರ ತಾನಾಗಿಯೇ ಹೋಗಲಿಲ್ಲ. ಎದುರುಮನೆಯಿಂದ ಹಾಡು ಕೇಳಿಸುತ್ತಿತ್ತು. ಅವಳು ಬೀದಿಗೆ ಬೆನ್ನು ಹಾಕಿ ಕೂತು ಅಕ್ಕಿ ಆರಿಸಿದಳು.

ಅಪ್ಪ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಛತ್ರಿ ಕೊಳ್ಳುವುದಾದರೂ ಅಂಗಡಿಯವನು ಬೇಸತ್ತುಹೋಗುವಷ್ಟು ಸಲ ಬಿಚ್ಚಿ ಮಡಿಚಿ ನೋಡುವ ಮನುಷ್ಯ. ದಿನಾ ಸಂಜೆ ಕೆಲಸ ಮುಗಿದ ಮೇಲೆ ಟಿ.ವಿ. ಅಂಗಡಿಗಳನ್ನು ಸುತ್ತತೊಡಗಿದರು. ಯಾವುದರಲ್ಲಿ ಚಿತ್ರ ಸ್ಪಷ್ಟ, ಯಾವುದರ ಟ್ಯೂಬು ಬಾಳಿಕೆ ಬರುತ್ತದೆ, ವೋಲ್ಟೇಜ್ ಇಳಿದರೆ ಯಾವುದು ಕುಗ್ಗುತ್ತದೆ ಎಂದು ಕಂಡಕಂಡ ಸಹೋದ್ಯೋಗಿಗಳನ್ನೆಲ್ಲ ಕೇಳಿದರು. "ಸ್ವಲ್ಪ ತಡಿ, ಕಲರ್ ಬೆಲೆ ಇಳಿಯುತ್ತಂತೆ. ಕೊಟ್ಟ ದುಡ್ಡಿಗೆ ಮೋಸ ಆಗ್ಬಾರ್ದು," ಎನ್ನುತ್ತಿದ್ದರು. ಮಳೆಗಾಲ ಕಳೆಯಿತು. ಡಾಕ್ಟರು ಅಪ್ಪನನ್ನು ಒಳಗೆ ಕರೆದು ಏನು ಹೇಳಿದ್ದರೆಂದು ನನಗೂ ಗೊತ್ತಿತ್ತು. ಇಷ್ಟು ಗೊತ್ತಿದ್ದೂ ಇವರು ಹೇಗೆ ಹೀಗೆ ನಿಧಾನ ಮಾಡುತ್ತಾರೆಂದು ನನಗೆ ಸಿಟ್ಟು ಬರುತ್ತಿತ್ತು.

ಒಂದು ಶನಿವಾರ ಅಮ್ಮನೇ ಹೇಳಿಬಿಟ್ಟಳು. "ನೀವು ನೋಡ್ತಾನೇ ಇರಿ. ನಾನು ಹೊರಟೋಗ್ತೀನಿ."

ಆ ಮಾತನ್ನು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಅಪ್ಪ ಶರ್ಟು ಹಾಕಿಕೊಂಡು ಆಟೋ ತರಲು ಹೋದರು.

ಸಂಜಯನಗರದ ಹತ್ತಿರದ ಅಂಗಡಿ. ಕಲರ್ ಟಿ.ವಿ. ಒಂದು, ಮರದ ಬಾಗಿಲಿನ ಕಪ್ಪು ಬಿಳುಪು ಟಿ.ವಿ. ಒಂದು, ಪಕ್ಕಪಕ್ಕದಲ್ಲೇ ಇದ್ದವು. ಎರಡರಲ್ಲೂ ಸೀರೆಯುಟ್ಟ ಹೆಂಗಸೊಬ್ಬರು ವಾರ್ತೆ ಓದುತ್ತಿದ್ದರು. ಅಮ್ಮನಿಗೆ ಸ್ಟೂಲು ಕೊಟ್ಟು ಅಂಗಡಿಯವರು ಅಪ್ಪನ ಕಡೆ ತಿರುಗಿದರು. "ಕಲರೇ ತಗೊಳ್ಳಿ ಸಾರ್. ಇನ್ನೆರಡು ವರ್ಷಕ್ಕೆ ಬ್ಲ್ಯಾಕ್ ಅಂಡ್ ವೈಟ್ ಯಾರೂ ಮೂಸಿ ನೋಡಲ್ಲ."

"ಎರಡು ವರ್ಷದ ಮಾತು ಬಿಡಿ," ಎಂದಳು ಅಮ್ಮ. ಅಪ್ಪ ಬಗ್ಗಿ ಯಾವುದೋ ಗುಂಡಿ ತಿರುಗಿಸತೊಡಗಿದರು.

ಅವಳು ಎರಡನ್ನೂ ಬಹಳ ಹೊತ್ತು ನೋಡಿದಳು. ವರ್ಷಗಟ್ಟಲೆ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದವಳು. "ಕಲರ್‌ನಲ್ಲಿ ಸೀರೆ ಕೆಂಪು ಅಂಚು ದಾಟಿ ಆಚೆ ಹರೀತಿದೆ, ನೋಡಿ. ಮುಖ ಎಲ್ಲ ಕಲಸಿಹೋಗಿದೆ. ಇದ್ರಲ್ಲಾದ್ರೆ ಭುಜದ ಮೇಲಿನ ನೆರಿಗೆ ಎಣಿಸಬಹುದು. ಇದೇ ಸಾಕು."

"ನಿನಗೆ ಕಲರ್ ಆಸೆ ಇದ್ರೆ ಹೇಳು," ಎಂದರು ಅಪ್ಪ.

"ನನಗೆ ಚೆನ್ನಾಗಿ ಕಾಣಬೇಕು, ಅಷ್ಟೇ."

ಟಿ.ವಿ. ಮನೆಗೆ ಬಂತು. ಅಪ್ಪ ತಾರಸಿಯ ಮೇಲೆ ಆಂಟೆನಾ ತಿರುಗಿಸುತ್ತಿದ್ದರೆ ನಾನು ಕಿಟಕಿಯಲ್ಲಿ ನಿಂತು ಅಮ್ಮ ಹೇಳಿದ್ದನ್ನು ಮೇಲಕ್ಕೆ ಕೂಗುತ್ತಿದ್ದೆ. "ಇನ್ನೂ ನೆರಳು ಬೀಳ್ತಿದೆ... ಸ್ವಲ್ಪ ಎಡಕ್ಕೆ... ಅಯ್ಯೋ ಹೋಯ್ತು... ಹಾಂ, ಸಾಕು, ಸಾಕು!" ಕೊನೆಯ ಆ "ಸಾಕು" ನನ್ನನ್ನು ಕಾಯದೆ ಅಮ್ಮನೇ ಕೂಗಿದ್ದು. ಅವಳ ಗಂಟಲಿನಿಂದ ಅಷ್ಟು ದೊಡ್ಡ ದನಿ ಬಂದದ್ದು ಅದೇ ಕೊನೆ.

ಮಂಚದ ಮೇಲೆ ದಿಂಬಿಗೆ ಒರಗಿ ಅವಳು ಬಂದದ್ದೆಲ್ಲ ನೋಡಿದಳು. ರೈತರ ಕಾರ್ಯಕ್ರಮ, ಅರ್ಥವಾಗದ ಹಿಂದಿ ವಾರ್ತೆ, ಅಡಚಣೆಗಾಗಿ ಕ್ಷಮಿಸಿ ಎಂಬ ಫಲಕವನ್ನೂ ಬಿಡಲಿಲ್ಲ. ಬೀದಿಯವರು ಯಾರೂ ನಮ್ಮ ಮನೆಗೆ ನೋಡಲು ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಶಬ್ದ ಕೇಳಿದರೆ ತಲೆ ಸಿಡಿಯುತ್ತದೆಂದಳು. ದನಿ ಪೂರ್ತಿ ಇಳಿಸಿ, ತೆರೆಯ ಮೇಲೆ ತುಟಿ ಆಡಿಸುವವರನ್ನು ಮೂವರೂ ಸುಮ್ಮನೆ ನೋಡುತ್ತಿದ್ದೆವು. ಒಂದು ಸಂಜೆ ಅವಳು ಗೋಡೆಯ ಕಡೆ ಮಗ್ಗುಲಾದಳು. ಆಮೇಲೆ ಟಿ.ವಿ. ಹಾಕಲು ನಾನೂ ಹೋಗಲಿಲ್ಲ, ಅವಳೂ ಕೇಳಲಿಲ್ಲ. ಸಂಕ್ರಾಂತಿಗೆ ಮುಂಚೆ ಒಂದು ಬೆಳಿಗ್ಗೆ, ನಾನು ಕಾಫಿ ಆರಿಸಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ವೈಕುಂಠ ಸಮಾರಾಧನೆಯ ದಿನ ಊಟ ಮುಗಿದು ನೆಂಟರು ಹಾಲಿನಲ್ಲಿ ಕೂತಿದ್ದರು. ಸಂಜೆ ಅಮ್ಮನ ತಮ್ಮ, ನನ್ನ ಸೋದರಮಾವ, ಟಿ.ವಿ.ಯ ಮರದ ಬಾಗಿಲು ಸರಿಸುತ್ತ ಕೇಳಿದರು. "ಭಾವ, ನ್ಯೂಸ್ ಟೈಮು. ಹಾಕ್ಲಾ?"

"ಹಾಕಪ್ಪ," ಎಂದರು ಅಪ್ಪ.

ಚಿತ್ರ ಒಂದು ಚುಕ್ಕೆಯೂ ಇಲ್ಲದೆ ಬಂತು.

"ಪಿಕ್ಚರ್ ಎಷ್ಟು ಚೆನ್ನಾಗಿದೆ! ಎಲ್ಲಿ ತಗೊಂಡ್ರಿ?"

ಹದಿಮೂರು ದಿನ ಹೂಂ, ಉಹೂಂ ಬಿಟ್ಟು ಬೇರೇನೂ ಆಡದಿದ್ದ ಅಪ್ಪ ಮಾತಾಡತೊಡಗಿದರು. ಯಾವ ಅಂಗಡಿ, ಟ್ಯೂಬು ಎಂಥದ್ದು, ಆಂಟೆನಾ ಯಾವ ದಿಕ್ಕಿಗಿರಬೇಕು, ಕಲರ್‌ನಲ್ಲಿ ಕೆಂಪು ಹೇಗೆ ಅಂಚು ದಾಟುತ್ತದೆ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು. ಮಾವ ತಲೆದೂಗುತ್ತಿದ್ದರು. ಅಮ್ಮನ ಮಾತು ಮಾತ್ರ ಬರಲಿಲ್ಲ. ಹೇಳುತ್ತ ಹೇಳುತ್ತ ಅಪ್ಪ ಪಂಚೆಯ ಅಂಚಿನಿಂದ ಟಿ.ವಿ.ಯ ಗಾಜು ಒರೆಸಿದರು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತ, ವೋಲ್ಟೇಜಿನ ವಿಷಯ ಹೇಳಲು ಹೊರಟರು.

ನಾನು ಎದ್ದುಹೋಗಿ ಎಲ್ಲರಿಗೂ ಕಾಫಿಗೆ ನೀರಿಟ್ಟೆ.